ಮೀನಿನ ಬಾಯಿಯ ಎತ್ತರ

ಮನೆಯಿಂದ, ಅಡುಗೆಮನೆಯ ಮೇಜು
ಮಂಗಳವಾರ, ತಾರೀಕು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಮರೀ,

ಹೇಗಿದ್ದೀಯ? ಕತ್ತು ನೋವು ಇಳಿಯಿತೇ? ಬಂದರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತಲೆಯೆತ್ತಿಕೊಂಡು ಕ್ರೇನುಗಳ ಲೆಕ್ಕ ನೋಡುವವಳಿಗೆ ಕತ್ತು ನೋಯದೆ ಇನ್ನೇನು ನೋಯಬೇಕು. ದಿಂಬು ತೆಗೆದು ಮಲಗು ಎಂದು ಹೋದ ಪತ್ರದಲ್ಲೇ ಬರೆದಿದ್ದೆ. ತೆಗೆದಿರುವುದಿಲ್ಲ, ಅದು ನನಗೆ ಇಲ್ಲಿ ಕೂತೇ ಕಾಣುತ್ತದೆ. ಸಮುದ್ರದ ಗಾಳಿಗೆ ಕಿವಿ ಮುಚ್ಚಿಕೋ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಪ್ಪನಿಗೆ ಮಂಡಿ ನೋವು ಬರುತ್ತಿರುತ್ತದೆ, ಆದರೆ ನಾನು ಏನಾದರೂ ಕೆಲಸ ಹೇಳಿದಾಗ ಮಾತ್ರ ಬರುತ್ತದೆ, ಆದ್ದರಿಂದ ಗಾಬರಿ ಬೇಡ. ನನಗೆ ಎಡಗಡೆಯ ದವಡೆ ಹಲ್ಲು. ಅದನ್ನು ವಿವರವಾಗಿ ಬರೆಯುವುದಿದೆ, ಯಾಕೆಂದರೆ ಈ ಪತ್ರ ಆ ಹಲ್ಲಿನಲ್ಲಿ ಶುರುವಾಗಿ ಪಾರ್ಕಿನ ಕಾರಂಜಿಯಲ್ಲಿ ಮುಗಿಯುತ್ತದೆ. ಇಷ್ಟುದ್ದ ಬರೆಯುವ ಬದಲು ಫೋನ್ ಮಾಡಬಾರದಿತ್ತೇ ಎನ್ನಬೇಡ. ಫೋನಿನಲ್ಲಿ ನಾನು 'ಡಾಕ್ಟರು' ಅಂದ ತಕ್ಷಣ ನಿನ್ನ ಕಡೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ಸೌಕರ್ಯವಿಲ್ಲ.

ಮುಖ್ಯ ಸಮಾಚಾರವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಮಧ್ಯದಲ್ಲಿ ಎದ್ದು ಹೋಗಬಾರದು. ನಿನ್ನ ಅಮ್ಮ ಬರುವ ಭಾನುವಾರ ಒಬ್ಬರ ಮೇಲೆ ಸೇಡು ತೀರಿಸಿಕೊಳ್ಳುವವಳಿದ್ದಾಳೆ. ಇದನ್ನು ಕೋಪದಲ್ಲಿ ಬರೆಯುತ್ತಿಲ್ಲ. ಕೋಪ ಬಂದು ಹೋಗಿ ಬಹಳ ದಿನವಾಯಿತು. ಈಗ ಉಳಿದಿರುವುದು ಯೋಜನೆ. ನಕ್ಷೆ ಬರೆದಾಗಿದೆ, ಅಳತೆ ತೆಗೆದಾಗಿದೆ, ಒಂದು ಸಲ ನಿನ್ನ ಅಪ್ಪನ ಮೇಲೆ ಪ್ರಯೋಗವೂ ಆಗಿದೆ. ಜೀವಮಾನವೆಲ್ಲ ಕಾರಂಜಿಗಳ ನಕ್ಷೆ ಬರೆದವಳು ನಾನು. ಯಾವ ಹನಿ ಎಲ್ಲಿ ಬೀಳಬೇಕೆಂದು ಯೋಚಿಸಿಯೇ ಕೂದಲು ಬೆಳ್ಳಗಾದದ್ದು. ಇನ್ನು ಒಬ್ಬ ಅಳಿಯನನ್ನು ಎಲ್ಲಿ ಬೀಳಿಸಬೇಕೆಂದು ಲೆಕ್ಕ ಹಾಕಲಾರೆನೇ.

ಈಗ ಹಲ್ಲಿಗೆ ಬರುತ್ತೇನೆ. ನೀನು ಸೂಟ್‌ಕೇಸು ಹಿಡಿದು ಡಾಕ್ಟರ ಮನೆಯಿಂದ ಹೊರಟು ಎರಡು ವರ್ಷವಾಯಿತು. ಕಾರಣ ಕೇಳಬೇಡ ಅಂದೆ, ಕೇಳಲಿಲ್ಲ. ಅಂದಿನಿಂದ ಅವರು ನನಗೆ ಅಳಿಯಂದಿರಲ್ಲ. ಆದರೆ ನನ್ನ ದವಡೆ ಹಲ್ಲು ಆ ಬೇರ್ಪಾಡಿಗೆ ಸಹಿ ಹಾಕಲಿಲ್ಲ. ಅದರ ಬೇರಿನ ಕೆಲಸವನ್ನು ಅರ್ಧ ಮಾಡಿ ಬಿಟ್ಟವರು ಅವರೇ. ಎರಡು ವರ್ಷ ಬಲಗಡೆಯಲ್ಲೇ ಅಗಿದೆ. ಕೊನೆಗೆ ತಡೆಯಲಾರದೆ ಬೇರೆ ದಂತವೈದ್ಯರ ಹತ್ತಿರ ಹೋದರೆ, ಆ ಪುಣ್ಯಾತ್ಮರು ಟಾರ್ಚ್ ಬಿಟ್ಟು ನೋಡಿ, "ಯಾರು ಶುರು ಮಾಡಿದ್ರೋ ಅವರೇ ಮುಗಿಸ್ಲಿ ತಾಯಿ, ಇನ್ನೊಬ್ರ ಅರ್ಧ ಕೆಲಸಕ್ಕೆ ನಾನು ಕೈ ಹಾಕಲ್ಲ" ಎಂದು ಬಾಗಿಲು ತೋರಿಸಿದರು. ಹಾಗಾಗಿ ಹೋದ ತಿಂಗಳು ನಾನು ಮಾಜಿ ಅಳಿಯಂದಿರ ಕುರ್ಚಿಯಲ್ಲಿ ಒರಗಿ ಬಾಯಿ ತೆರೆಯಬೇಕಾಯಿತು. ಕೆನ್ನೆಯೊಳಗೆ ಹತ್ತಿ, ನಾಲಗೆಯ ಕೆಳಗೆ ಎಂಜಲು ಹೀರುವ ಕೊಳವೆ, ಮುಖದ ಮೇಲೆ ದೀಪ. ಹೆಣ್ಣು ಕೊಟ್ಟ ಅತ್ತೆಯನ್ನು ಯಾವ ಅಳಿಯನೂ ಇದಕ್ಕಿಂತ ಅನುಕೂಲದ ಸ್ಥಿತಿಯಲ್ಲಿ ಕಂಡಿರಲಾರ.

ಆಗ ಸಲಕರಣೆ ಎತ್ತಿಕೊಡುವ ಆ ನರ್ಸ್ ಹುಡುಗಿ ಕೇಳಿದಳು, "ಸಾರ್, ಆ ಡಬ್ಬಿ ಹುಡುಕೋ ಆಟದ ಒಗಟಿಗೆ ಪಾರ್ಕಲ್ಲಿ ನಿಮ್ಮ ಹೆಸರಿನ ಫಲಕ ಹಾಕ್ತಾರಂತೆ?" ಡಾಕ್ಟರು ನನ್ನ ಹಲ್ಲಿನೊಳಗೆ ಸೂಜಿ ಆಡಿಸುತ್ತಲೇ ವಿನಯದಿಂದ ನಕ್ಕರು. "ಅಕ್ಕನೂ ಮಾಡ್ತಿದ್ರಲ್ವಾ ಸಾರ್ ಒಗಟು?" ಎಂದು ನಿನ್ನನ್ನು ನೆನೆಸಿಕೊಂಡಳು ಆ ಪುಣ್ಯವತಿ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಒಂದಕ್ಷರ ಬದಲಿಸದೆ ಬರೆಯುತ್ತೇನೆ. "ಲೆಕ್ಕ ಎಲ್ಲ ನಂದೇ. ಅವಳು ಡಬ್ಬಿಗೆ ಬಣ್ಣ ಹಚ್ತಿದ್ಲು." ನಾನು ಎದ್ದು ಕೂರಲು ಹೋದೆ. ಬಾಯಿಂದ ಬಂದದ್ದು "ಆಂ" ಮಾತ್ರ. "ನೋವಾಯ್ತಾ ಅತ್ತೇ? ಇನ್ನೊಂಚೂರು ಮರಗಟ್ಟಿಸ್ಲಾ?" ಎಂದು ಪ್ರೀತಿಯಿಂದ ಕೇಳಿ ಇನ್ನೊಂದು ಸೂಜಿ ಚುಚ್ಚಿದರು. ಮನೆಗೆ ಬಂದು ಎರಡು ಗಂಟೆಯ ಹೊತ್ತು ನನ್ನ ಅರ್ಧ ಮುಖ ಮರಗಟ್ಟಿತ್ತು. ಇನ್ನರ್ಧ ಮುಖದಲ್ಲಿ ನಾನು ಹಲ್ಲು ಕಡಿಯುತ್ತಿದ್ದೆ. ಅವತ್ತಿನಿಂದ ಹಲ್ಲಿನ ನೋವು ನಿಂತಿದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಹಲ್ಲಿನ ಕೆಲಸದಲ್ಲಿ ಆತ ಗಟ್ಟಿಗ. ಆದರೆ ಹಲ್ಲಿಗೆ ಹಲ್ಲು, ಲೆಕ್ಕಕ್ಕೆ ಲೆಕ್ಕ.

ನಿನ್ನ ಆಟವನ್ನು ನಾನು ಎಷ್ಟು ಗೇಲಿ ಮಾಡುತ್ತಿದ್ದೆ ನೆನಪಿದೆಯೇ? ಯಾರೋ ಒಂದು ಡಬ್ಬಿ ಬಚ್ಚಿಡುವುದು, ಅದರ ಜಾಗವನ್ನು ಇಂಟರ್ನೆಟ್ಟಿನಲ್ಲಿ ಒಗಟಾಗಿ ಬರೆಯುವುದು, ಬಿಡಿಸಿದವರು ಫೋನು ಹಿಡಿದು ಪೊದೆಪೊದೆ ನುಗ್ಗಿ ಡಬ್ಬಿ ಹುಡುಕಿ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಟ್ಟು ಬರುವುದು. ಜಿಯೋಕ್ಯಾಶಿಂಗ್ ಎಂದು ನೀನು ಹೇಳಿದಾಗ, ಇದಕ್ಕೆ ಇಷ್ಟು ದೊಡ್ಡ ಹೆಸರೇ, ನಿನ್ನ ಅಪ್ಪ ದಿನಾ ಕನ್ನಡಕ ಹುಡುಕುವುದಕ್ಕೆ ಏನೆನ್ನುತ್ತಾರೆ ಎಂದು ಕೇಳಿದ್ದೆ. ಮದುವೆಯಾದ ಮೇಲೆ ನೀವಿಬ್ಬರೂ 'ಜೋಡಿಗೂಬೆ' ಎಂಬ ಒಂದೇ ಹೆಸರಿನಲ್ಲಿ ಆಡಿದಿರಿ. ಜೋಡಿಯಲ್ಲಿ ಒಂದು ಗೂಬೆಗೆ ಕಣ್ಣು, ಇನ್ನೊಂದಕ್ಕೆ ಬರೀ ಕೂಗು ಎಂಬುದು ನನಗೆ ಗೊತ್ತಿತ್ತು, ಯಾಕೆಂದರೆ ನೀನು ಇದೇ ಮೇಜಿನ ಮೇಲೆ ಕೂತು, ನನ್ನ ಹಳೆಯ ನಕ್ಷೆಗಳ ಬೆನ್ನಿನಲ್ಲಿ, ಪೆನ್ಸಿಲ್ ಕಚ್ಚುತ್ತ ಆ ಒಗಟುಗಳನ್ನು ಕಟ್ಟುತ್ತಿದ್ದೆ. ಡಾಕ್ಟರು ಆಗ ಸೋಫಾದಲ್ಲಿ ನಿನ್ನ ಅಪ್ಪನ ಜೊತೆ ಚಹಾ ಕುಡಿಯುತ್ತ, "ಆಯ್ತಾ? ಈ ಸಲ ಸ್ವಲ್ಪ ಕಷ್ಟದ್ದೇ ಇರ್ಲಿ, ಜನ ಒದ್ದಾಡ್ಬೇಕು" ಎಂದು ನಿರ್ದೇಶನ ಕೊಡುತ್ತಿದ್ದರು. ನೀನು ಹೋದೆ, ಹೆಸರು ಅವರ ಬಳಿ ಉಳಿಯಿತು. ಈ ಎರಡು ವರ್ಷದಲ್ಲಿ ಜೋಡಿಗೂಬೆ ಒಂದೇ ಒಂದು ಹೊಸ ಒಗಟು ಇಟ್ಟಿಲ್ಲ. ಕೇಳಿದವರಿಗೆ, "ಪೇಷಂಟ್ಸ್ ಜಾಸ್ತಿ, ಪುರುಸೊತ್ತಿಲ್ಲ" ಅನ್ನುತ್ತಾರಂತೆ. ನೀನೂ ಆಟ ಬಿಟ್ಟೆ. ಅದರ ಸುದ್ದಿ ತೆಗೆದರೆ, "ಬಿಟ್ಟುಬಿಡಮ್ಮ, ಅದೆಲ್ಲ ಮುಗೀತು" ಎನ್ನುತ್ತೀಯ. ನೀನು ಬಿಡಬಹುದು. ನಾನು ಬಿಡಬೇಕೆಂದು ಎಲ್ಲಿಯೂ ಬರೆದಿಲ್ಲ.

ಫಲಕದ ವಿಷಯ ಹೀಗೆ. ಈ ಭಾನುವಾರ ಆಟದ ಬಳಗದ ವಾರ್ಷಿಕ ಕೂಟ. ಒಣಗಿದ ಕಾರಂಜಿಯ ಪಕ್ಕದಲ್ಲಿ ಒಂದು ಉಕ್ಕಿನ ಫಲಕ ನಿಲ್ಲಿಸುತ್ತಾರೆ, 'ಈ ಉದ್ಯಾನದ ಒಗಟುಗಳನ್ನು ರಚಿಸಿದವರು' ಎಂದು, ಕೆಳಗೆ ಹೆಸರು. ಒಂದು ಸಲ ಉಕ್ಕಿನಲ್ಲಿ ಕೆತ್ತಿದರೆ ಮುಗಿಯಿತು, ನಾಳೆ ನೀನು ಮನಸ್ಸು ಬದಲಾಯಿಸಿ ಬಂದರೂ ಅಳಿಸುವ ರಬ್ಬರು ಇಲ್ಲ. ನಾನು ನೇರವಾಗಿ ಬಳಗದ ಕಾರ್ಯದರ್ಶಿಗಳ ಮನೆಗೆ ಹೋದೆ. ನಿನಗೆ ಗೊತ್ತಲ್ಲ, ಕಾಲುಚೆಂಡಿನ ರೆಫ್ರಿಯಾಗಿದ್ದವರು, ಈಗಲೂ ಕೊರಳಲ್ಲಿ ಸೀಟಿ ನೇತುಹಾಕಿಕೊಂಡೇ ಓಡಾಡುವವರು, ನೀವೆಲ್ಲ ಸೀಟಿ ಮಾಮ ಅನ್ನುತ್ತಿದ್ದಿರಿ. ಅವರು ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ನೀವು ಹೇಳೋದು ನಿಜ ಇರ್ಬೋದು. ಆದ್ರೆ ನೀವು ಹುಡುಗಿ ತಾಯಿ. ನಿಮ್ಮ ಮಾತಿಗೆ ನಾನು ಗೋಲ್ ಕೊಟ್ರೆ ಮೈದಾನದಲ್ಲಿ ಗಲಾಟೆ ಆಗತ್ತೆ" ಎಂದರು. ಸರಿಯಾದ ಮಾತೇ. ಆಮೇಲೆ ಸೀಟಿಯನ್ನು ಸ್ವಲ್ಪ ಹೊತ್ತು ತಿರುವಿ, "ಅವರೂ ಎರಡು ವರ್ಷದಿಂದ ಚೆಂಡೇ ಮುಟ್ಟಿಲ್ಲ, ಅದು ನಂಗೂ ಕಾಣತ್ತೆ. ಒಂದ್ಕೆಲಸ ಮಾಡೋಣ. ಹೆಸರು ಕೆತ್ತೋದನ್ನ ನಿಲ್ಲಿಸ್ತೀನಿ. ಕೂಟದಲ್ಲಿ ಹೊಸ ಒಗಟು ಒಂದಿರ್ಲಿ. ಬಿಡಿಸಿದವರು ಡಬ್ಬಿ ಹತ್ರ ನಿಂತ್ಕೊಂಡು ಹೇಗೆ ಬಿಡಿಸಿದ್ರು ಅಂತ ಎಲ್ಲರಿಗೂ ಹೇಳ್ಬೇಕು. ಆಡಿ ತೋರಿಸಿದವರದ್ದೇ ಫಲಕ" ಎಂದರು. ಹೊಸ ಒಗಟನ್ನು ಯಾರು ಕೊಡುತ್ತಾರೆ ಎಂದು ನಾನು ಮುಗ್ಧಳಂತೆ ಕೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಹೀಗೆ ನಿನ್ನ ಅಮ್ಮ ಈ ವಯಸ್ಸಿನಲ್ಲಿ 'ಒಣಮೀನು' ಎಂಬ ಹೆಸರಿನಲ್ಲಿ ಆಟಕ್ಕೆ ಇಳಿದಳು. ಈ ಒಣಮೀನು ಯಾರೆಂದು ಸೀಟಿ ಮಾಮನನ್ನೂ ನಿನ್ನ ಅಪ್ಪನನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಮೀನು ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಪಾರ್ಕಿನ ಕೊಳದ ನಡುವೆ ಕಂಬದ ಮೇಲೆ ಬಾಯ್ಬಿಟ್ಟುಕೊಂಡು ನಿಂತಿರುವ ಆ ಕಲ್ಲಿನ ಮೀನು ನನ್ನ ಮೊದಲ ಕಾರಂಜಿ. ಉದ್ಘಾಟನೆಯ ದಿನ ಪಂಪಿನವನು ಉತ್ಸಾಹದಲ್ಲಿ ಕವಾಟ ಪೂರ್ತಿ ತಿರುಗಿಸಿಬಿಟ್ಟ. ಕೊಳದೊಳಗೆ ಬೀಳಬೇಕಾದ ನೀರು ಕೊಳ ದಾಟಿ, ಬ್ಯಾಂಡಿನವರನ್ನೂ ಭಾಷಣದ ಕಾಗದಗಳನ್ನೂ ಹಾದು ಬ್ಯಾಂಡ್ ಕಟ್ಟೆಯ ಕಂಬಿಯ ಹತ್ತಿರ ಬಿತ್ತು. ಎಲ್ಲರೂ ಓಡಿದರು. ನಾನು ಕೆಲಸ ಹೋಯಿತೆಂದೇ ಕಣ್ಣು ಮುಚ್ಚಿದ್ದೆ. ತೆಗೆದು ನೋಡಿದರೆ ಒಬ್ಬಳು ಮಾತ್ರ ಓಡದೆ, ಹಳದಿ ಫ್ರಾಕು ತೊಪ್ಪೆಯಾಗಿ, ಮೀನಿನ ಹಾಗೇ ಬಾಯ್ಬಿಟ್ಟುಕೊಂಡು ನೀರು ಬೀಳುವ ಜಾಗದಲ್ಲೇ ನಿಂತಿದ್ದಳು. ಆಮೇಲೆ ಮೂರು ದಿನ ಜ್ವರ. ಜ್ವರದಲ್ಲೂ, "ಅಮ್ಮ, ನೀರು ಮೇಲಕ್ಕೆ ಹೋಗಿ ಯಾಕೆ ಅಲ್ಲೇ ಬಿತ್ತು, ಇನ್ನೂ ಆಚೆ ಯಾಕೆ ಬೀಳ್ಲಿಲ್ಲ" ಎಂದು ಪ್ರಾಣ ತಿಂದಿದ್ದೆ. ನಾನು ಹಾಸಿಗೆಯ ಪಕ್ಕ ಕೂತು ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ್ದೆ. ನಿನ್ನ ಎಲ್ಲ ಲೆಕ್ಕವೂ ಅಲ್ಲಿಂದ ಹೊರಟದ್ದು. ಈಗ ಬಂದು ಅದನ್ನು ಬಣ್ಣ ಅನ್ನುತ್ತಾರೆ.

ಒಗಟು ಬಹಳ ಸರಳ. ಆಗಲೇ ಇಂಟರ್ನೆಟ್ಟಿನಲ್ಲಿ ಹಾಕಿಯಾಗಿದೆ, ಹುಡುಕಾಟ ಭಾನುವಾರ. 'ಮೀನು ಬಾಯ್ಬಿಟ್ಟ ಮೊದಲ ದಿನ ಅದರ ನೀರು ಎಲ್ಲಿ ಬಿತ್ತೋ ಅಲ್ಲಿ ಡಬ್ಬಿ ಇದೆ. ನೀರು ಬಾಯಿಂದ ಹೊರಟದ್ದು ಸೆಕೆಂಡಿಗೆ ಹನ್ನೆರಡು ಮೀಟರ್ ವೇಗದಲ್ಲಿ, ಮೂವತ್ತು ಡಿಗ್ರಿ ಮೇಲ್ಮುಖವಾಗಿ. ಗಾಳಿಯ ತಕರಾರನ್ನು ಬಿಟ್ಟಿದ್ದೇನೆ. ಮೀನು ನೋಡುತ್ತಿರುವ ದಿಕ್ಕಿನಲ್ಲಿ, ಮೀನಿನ ಬುಡದಿಂದ ಅಳೆಯಿರಿ.' ಬಾಯಿ ನೆಲದಿಂದ ಮೂರು ಮೀಟರ್ ಎತ್ತರದಲ್ಲಿದೆ ಎಂದು ಬರೆದಿಲ್ಲ. ಅದನ್ನು ಹೇಳುವುದೇಕೆ, ಮೀನು ಅಲ್ಲೇ ಇದೆ, ತಲೆಯೆತ್ತಿ ನೋಡಿ ಅಳೆದುಕೊಳ್ಳಬೇಕು. ವೇಗ ನನಗೆ ಹೇಗೆ ಸಿಕ್ಕಿತು ಎನ್ನುತ್ತೀಯೋ? ನೀನು ನಿಂತಿದ್ದ ಜಾಗದಿಂದ ಹಿಂದಕ್ಕೆ ಲೆಕ್ಕ ಮಾಡಿದೆ. ಕಂಬಿಯ ಬಳಿ ಆ ಜಾಗ ನನಗೆ ಇವತ್ತಿಗೂ ಕಣ್ಣು ಕಟ್ಟಿ ಬಿಟ್ಟರೂ ಸಿಗುತ್ತದೆ. ಎತ್ತರವನ್ನೂ ಸೇರಿಸಿ ಲೆಕ್ಕ ಮಾಡಿದವರು ಮೀನಿನಿಂದ ಹದಿನಾರು ಮುಕ್ಕಾಲು ಮೀಟರ್ ದೂರದಲ್ಲಿ ಆ ಕಂಬಿಗೆ ಬಂದು ನಿಲ್ಲುತ್ತಾರೆ. ಎತ್ತರವನ್ನು ಮರೆತು, ನೀರು ನೆಲದಿಂದಲೇ ಚಿಮ್ಮಿತೆಂದು ಶಾಲೆಯ ಸೂತ್ರಕ್ಕೆ ಅಂಕಿ ತುಂಬಿದವರು ಹನ್ನೆರಡು ಮುಕ್ಕಾಲಿಗೇ ನಿಲ್ಲುತ್ತಾರೆ. ನಡುವೆ ನಾಲ್ಕು ಮೀಟರ್. ಅಷ್ಟು ಕಡಿಮೆ ಅಂತರದಲ್ಲಿ ಫೋನು ತೋರಿಸುವ ಜಾಗವನ್ನು ನಂಬುವ ಹಾಗಿಲ್ಲ, ಅದು ಅತ್ತಿತ್ತ ತೂಗಾಡಿ ತಪ್ಪು ಮಾಡಿದವರನ್ನೂ ಕಾಪಾಡಿಬಿಡುತ್ತದೆ. ಅದಕ್ಕೇ 'ಫೋನು ಬೇಡ, ಅಳತೆ ಟೇಪು ಕಡ್ಡಾಯ' ಎಂದು ಸೇರಿಸಿದೆ. ನನ್ನ ಬೋನಿನ ಬಾಗಿಲು ಆ ನಾಲ್ಕು ಮೀಟರ್.

ಡಾಕ್ಟರು ಎತ್ತರ ಮರೆಯುತ್ತಾರೆ ಎಂಬುದಕ್ಕೆ ನಾನು ಜಾತಕ ನೋಡಬೇಕಾಗಿಲ್ಲ. ನಿಮ್ಮ ಮದುವೆಯ ಹೊಸದರಲ್ಲಿ ಬಾಲ್ಕನಿಯಿಂದ ಕಾಗದದ ಉಂಡೆ ಎಸೆದು ಕೆಳಗಿನ ಕಸದ ಬುಟ್ಟಿಗೆ ಬೀಳಿಸುತ್ತೇನೆಂದು ಲೆಕ್ಕ ಹಾಕಿ ಪಂದ್ಯ ಕಟ್ಟಿದ್ದರಲ್ಲ, ಅದು ಬುಟ್ಟಿ ದಾಟಿ ಆಚೆ ನಿಂತಿದ್ದ ಮನೆ ಮಾಲೀಕರ ನೆತ್ತಿಗೆ ಬಿದ್ದಿತ್ತು. ಬಾಲ್ಕನಿಯ ಎತ್ತರ ಸೇರಿಸಲಿಲ್ಲವಲ್ಲ ಎಂದು ನಾನು ಹೇಳಿದ್ದಕ್ಕೆ, "ಅಷ್ಟು ಚಿಕ್ಕದನ್ನೆಲ್ಲ ಯಾರು ಲೆಕ್ಕಕ್ಕೆ ತಗೋತಾರೆ ಅತ್ತೇ, ದೊಡ್ಡದಾಗಿ ನೋಡ್ಬೇಕು" ಎಂದು ನನಗೇ ಪಾಠ ಹೇಳಿದ್ದರು. ಎಲ್ಲಿಂದ ಹೊರಟೆವು ಎಂಬುದನ್ನು ಲೆಕ್ಕಕ್ಕೆ ಸೇರಿಸುವ ಅಭ್ಯಾಸ ಅವರಿಗೆ ಆಗಲೂ ಇರಲಿಲ್ಲ.

ಹನ್ನೆರಡು ಮುಕ್ಕಾಲು ಮೀಟರಿನಲ್ಲಿ ಏನಿದೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಕಾರಂಜಿ ನಿಂತ ಮೇಲೆ ಕೊಳದ ಆಚೆ, ಬೇಲಿ ಗಿಡದ ಮರೆಯಲ್ಲಿ, ತೋಟದಾಕೆ ಒಂದು ಗೊಬ್ಬರದ ಗುಂಡಿ ತೋಡಿಸಿದ್ದಾಳೆ. ಮೇಲೆ ಒಣಗಿದ ಎಲೆ ಹರಡಿ ಸಮತಟ್ಟಾಗಿ, ಯಾರೋ ಹಾಸಿದ ಜಮಖಾನೆಯಂತೆ ಕಾಣುತ್ತದೆ. ಒಳಗೆ ಮೊಣಕಾಲು ಮುಳುಗುವಷ್ಟು ಕೊಳೆತ ಎಲೆ. ಆ ಗುಂಡಿಯನ್ನು ನಾನು ಮನಸಾರೆ ಹೊಗಳಿದೆ. ಅದು ಅತ್ಯಂತ ರಸಭರಿತವಾಗಿರುವುದು ಯಾವಾಗ ಎಂದೂ ವಿಚಾರಿಸಿದೆ. "ಶನಿವಾರ ಸಂಜೆ ನೀರು ಬಿಡ್ತೀನಮ್ಮ. ಭಾನುವಾರ ಬೆಳಿಗ್ಗೆ ಹತ್ರ ನಿಲ್ಲಕ್ಕಾಗಲ್ಲ, ಆ ಥರ ವಾಸನೆ" ಎಂದು ಹೆಮ್ಮೆಯಿಂದ ಹೇಳಿದಳು. ಡಾಕ್ಟರು ಕೂಟಕ್ಕೆಂದು ಬಿಳಿ ಪ್ಯಾಂಟು ಹೊಲಿಸಿದ್ದಾರಂತೆ. ಇದನ್ನು ನಾನು ಏರ್ಪಾಡು ಮಾಡಿದ್ದಲ್ಲ. ಒಳ್ಳೆಯ ಕೆಲಸಕ್ಕೆ ಹೊರಟಾಗ ಹೀಗೆ ಅಲ್ಲಲ್ಲಿ ಸಹಾಯ ಒದಗಿ ಬರುತ್ತದೆ.

ನಿನ್ನ ಅಪ್ಪನ ಮೇಲಿನ ಪ್ರಯೋಗ ಹೋದ ವಾರ ನಡೆಯಿತು. ಏನೂ ಹೇಳದೆ ಒಗಟನ್ನು ಕೈಗಿಟ್ಟೆ. ಪಾಪ, ಕನ್ನಡಕ ಏರಿಸಿ, ಹಳೆಯ ಪಾಠ ನೆನಪು ಮಾಡಿಕೊಂಡು, ಮಂಡಿ ನೋವನ್ನೂ ಮರೆತು ಟೇಪು ಹಿಡಿದು ಹೊರಟರು. ಗುಂಡಿಯ ಅಂಚಿಗೆ ಬಂದಾಗ ನಾನು ತಡೆಯಬೇಕೆಂದಿದ್ದೆ, ದೇವರಾಣೆಗೂ. ಆದರೆ ಪ್ರಯೋಗವನ್ನು ಮಧ್ಯದಲ್ಲಿ ನಿಲ್ಲಿಸಿದರೆ ಫಲಿತಾಂಶ ಶುದ್ಧವಾಗಿರುವುದಿಲ್ಲ. ಎಡಗಾಲು ಒಳಗೆ, ಬಲಗಾಲು ಹೊರಗೆ ನಿಂತುಕೊಂಡು, "ಇದು ನಂಗೆ ಅಂತ ಮಾಡಿದ್ದಾ, ಇಲ್ಲ ಬೇರೆಯವರಿಗಾ?" ಎಂದು ಶಾಂತವಾಗಿ ಕೇಳಿದರು. ವಿಷಯ ತಿಳಿದ ಮೇಲೆ, "ಬಿಟ್ಬಿಡೇ, ಆಗಿದ್ದು ಆಯ್ತು. ಹುಡುಗ ಕೆಟ್ಟವನಲ್ಲ, ಸ್ವಲ್ಪ ದೊಡ್ಡಸ್ತಿಕೆ ಅಷ್ಟೇ" ಎಂದು ಉಪದೇಶ ಬೇರೆ. ಒಂದು ಕಾಲು ಗೊಬ್ಬರದಲ್ಲಿಟ್ಟುಕೊಂಡು ಕ್ಷಮೆಯ ಬಗ್ಗೆ ಮಾತಾಡುವ ಗಂಡಸನ್ನು ನಾನು ಇದೇ ಮೊದಲು ಕಂಡದ್ದು. ಆ ಚಪ್ಪಲಿ ಇನ್ನೂ ಹೊರಗೇ ಇದೆ.

ಡಬ್ಬಿಯನ್ನು ನಾನೇ ತಯಾರು ಮಾಡಿದೆ. ಹಳೆಯ ಬಿಸ್ಕತ್ತಿನ ಡಬ್ಬಿ, ಹಿಂಭಾಗಕ್ಕೆ ಅಯಸ್ಕಾಂತ, ಕಂಬಿಯ ಕೆಳಪಟ್ಟಿಯ ಹಿಂದೆ ಗಪ್ಪನೆ ಕಚ್ಚಿಕೊಳ್ಳುತ್ತದೆ. ಕಂಬಿಯ ಬಣ್ಣವೇ ಇರಲಿ ಎಂದು ಹಸಿರು ಹಚ್ಚಿದೆ. ಬಣ್ಣ ಹಚ್ಚುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ ಮಗಳೇ. ಅರ್ಧ ಡಬ್ಬಿಗೆ, ಅರ್ಧ ನಿನ್ನ ಅಪ್ಪನ ಪೇಪರಿಗೆ, ಎರಡು ಹನಿ ಸಕ್ಕರೆ ಡಬ್ಬದ ಮುಚ್ಚಳಕ್ಕೆ. ಮುಖದ ಕಡೆ ನೀರಿಳಿದ ಗೋಡೆಯ ಹಾಗೆ ಪಟ್ಟೆಪಟ್ಟೆ. ಒಳಗಿನ ಚೀಟಿಯಲ್ಲಿ ಮೊದಲ ಸಾಲನ್ನು ನಾನೇ ಚೌಕಟ್ಟು ಹಾಕಿ ಖಾಲಿ ಬಿಟ್ಟಿದ್ದೇನೆ. ಅದರ ಮೇಲೆ ಕೆಂಪು ಶಾಯಿಯಲ್ಲಿ, 'ಈ ಸಾಲು ಮೊದಲ ದಿನ ಇಲ್ಲಿ ನಿಂತು ತೋಯ್ದವಳಿಗೆ ಮೀಸಲು. ಈ ಉದ್ಯಾನದ ಒಗಟುಗಳೆಲ್ಲ ಅವಳವು. ಉಳಿದವರು ಕೆಳಗೆ ಬರೆಯಿರಿ' ಎಂದು ಬರೆದಿದ್ದೇನೆ. ಇದು ಎರಡನೆಯ ಬೋನು. ಅಕಸ್ಮಾತ್ ಡಾಕ್ಟರು ಗುಂಡಿ ತಪ್ಪಿಸಿಕೊಂಡು ಡಬ್ಬಿಗೇ ಬಂದರೆ ಆ ಸಾಲನ್ನು ಎಲ್ಲರೆದುರು ಓದಬೇಕು, ಆಮೇಲೆ ಹೇಗೆ ಬಿಡಿಸಿದೆನೆಂದು ಸೀಟಿ ಮಾಮನ ಮುಂದೆ ವಿವರಿಸಬೇಕು. ಅಲ್ಲಿ ಬಾಯಿಗೆ ಹತ್ತಿ ಇಟ್ಟುಕೊಂಡರೂ ನಡೆಯುವುದಿಲ್ಲ.

ಅವರು ಡಬ್ಬಿಗೇ ಬರುವ ದಾರಿ ಒಂದೇ ಒಂದಿದೆ. ಆ ದಾರಿ ನೀನು. ಮೊನ್ನೆ ಪೇಪರಿನ ಅಂಗಡಿಯಲ್ಲಿ ಡಾಕ್ಟರು ನಿನ್ನ ಅಪ್ಪನನ್ನು ಹಿಡಿದು, "ಮಾವಾ, ಅವಳ ಹೊಸ ನಂಬರ್ ಇದ್ಯಾ, ಒಂದು ಚಿಕ್ಕ ವಿಷಯ ಕೇಳೋದಿತ್ತು" ಎಂದು ಕೇಳಿದರಂತೆ. ನಿನ್ನ ಅಪ್ಪ, ಶಾಂತಿಪ್ರಿಯರು, ಕೊಟ್ಟು ಬಂದಿದ್ದಾರೆ. ಅವತ್ತು ರಾತ್ರಿ ನಾನು ಬಡಿಸಲಿಲ್ಲ, ತಾವೇ ಹಾಕಿಕೊಂಡು ತಿಂದರು. ಯಾರದೇ ಲೆಕ್ಕ ಅರ್ಧಕ್ಕೆ ನಿಂತರೂ ನಿನಗೆ ಅನ್ನ ಸೇರುವುದಿಲ್ಲ, ಅದು ನನಗೆ ಗೊತ್ತು. ಕೇಳಿದವರು ಯಾರೆಂದು ನೋಡದೆ ಬಿಡಿಸಿ ಕೈಗಿಡುತ್ತೀಯ. ಈ ಸಲ ಹಾಗೆ ಮಾಡಬೇಡ. ಫೋನು ಎತ್ತಬೇಡ. ಎತ್ತಿದರೂ, ಡಬ್ಬಿಗೆ ಬಣ್ಣ ಹಚ್ಚುವವಳಿಗೆ ಲೆಕ್ಕ ಬರುವುದಿಲ್ಲ ಎಂದು ಹೇಳಿ ಇಟ್ಟುಬಿಡು. ಇಷ್ಟು ದಿನ ನಿನ್ನನ್ನು ಏನೂ ಕೇಳಲಿಲ್ಲ. ಯಾಕೆ ಹೋದೆ ಎಂದು ಕೇಳಲಿಲ್ಲ, ಯಾವಾಗ ಬರುತ್ತೀಯ ಎಂದು ಕೇಳಲಿಲ್ಲ. ಇದೊಂದನ್ನು ಕೇಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎತ್ತಿದ ಭಾರದ ಕೆಳಗೆ ನಿಲ್ಲಬೇಡ, ಅದನ್ನು ಎತ್ತಿಸಿದ್ದು ನೀನೇ ಆದರೂ. ನಿನ್ನ ಲೆಕ್ಕಗಳೆಲ್ಲ ಸರಿಯಾಗಿ ಬರಲಿ, ಅವು ನಿನ್ನವೆಂದು ನಾಲ್ಕು ಜನಕ್ಕೆ ಗೊತ್ತಾಗುವ ಕಾಲವೂ ಬರಲಿ ಎಂಬುದೇ ನನ್ನ ಹಾರೈಕೆ. ನಿನ್ನ ಅಪ್ಪ ಪ್ರೀತಿ ತಿಳಿಸಲು ಹೇಳಿದ್ದಾರೆ. ಅವರ ಮೇಲೆ ಕೋಪ ಇಳಿದ ಮೇಲೆ ತಿಳಿಸುತ್ತೇನೆ.

ಇಂತು, ಮರೆಯದ,
ನಿನ್ನ ಅಮ್ಮ

ತಾ.ಕ.: ಪಾರ್ಕಿನ ಬೆಂಚಿನಿಂದ, ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೋ. ಸ್ಟಾಂಪು ಅಂಟಿಸಿ ಅಂಚೆ ಪೆಟ್ಟಿಗೆಗೆ ಹೊರಟವಳು, ದಾರಿಯಲ್ಲೇ ಇದೆಯಲ್ಲ, ಡಬ್ಬಿ ಜಾಗದಲ್ಲಿದೆಯೋ ನೋಡೋಣವೆಂದು ಒಳಗೆ ಬಂದೆ. ತೆಗೆದೆ. ಚೌಕಟ್ಟಿನೊಳಗೆ ಯಾರೋ ಬರೆದಿದ್ದಾರೆ. 'ಲೆಕ್ಕ ಸರಿ ಇದೆ. ಬಣ್ಣ ಹಚ್ಚಿದವರ ಕೈ ಪಳಗಿಲ್ಲ. ಭಾನುವಾರ ನಾನೇ ಬಂದು ಹಚ್ಚುತ್ತೇನೆ.' ಕೆಳಗೆ ಸಹಿ ಇಲ್ಲ, ಇದ್ದರೂ ಬೇಕಾಗಿರಲಿಲ್ಲ. ಒಣಮೀನು ಯಾರೆಂದು ನಿನಗೆ ಒಗಟಿನ ಮೊದಲ ಸಾಲಿನಲ್ಲೇ ಗೊತ್ತಾಗಿರಬೇಕು, ಆಟ ಬಿಟ್ಟವಳಂತೆ, ಬಿಟ್ಟವಳು.

ಊರಿಗೆ ಬಂದು, ಇಲ್ಲಿಯವರೆಗೂ ಬಂದು, ಹತ್ತು ನಿಮಿಷ ನಡೆದರೆ ಸಿಗುವ ಮನೆಗೆ ಬಾರದೆ ಹೋದೆಯಲ್ಲ. ಸೇಡಿನ ಪಟ್ಟಿಯಲ್ಲಿ ಈಗ ನಿನ್ನ ಹೆಸರೇ ಮೊದಲು, ಡಾಕ್ಟರು ಎರಡನೆಯ ಸ್ಥಾನಕ್ಕೆ ಇಳಿದಿದ್ದಾರೆ. ಶಿಕ್ಷೆ ಇಷ್ಟು, ಇದನ್ನು ಇವತ್ತೇ ಫೋನಿನಲ್ಲೂ ಹೇಳುತ್ತೇನೆ: ಶನಿವಾರವೇ ಬರಬೇಕು, ನಿನ್ನ ಕೋಣೆಯ ಗೋಡೆಗೂ ನೀನೇ ಬಣ್ಣ ಹಚ್ಚಬೇಕು. ಮಂಚದ ಮೇಲಿನ ನಕ್ಷೆಗಳನ್ನು ಇವತ್ತೇ ತೆಗೆಸುತ್ತೇನೆ. ನಿನ್ನ ಅಪ್ಪನಿಗೆ ಮಂಡಿ ನೋವು ಬಂದರೂ ಸರಿ.

ಅಂಚೆ ನಿನ್ನ ಬಂದರಿಗೆ ತಲುಪುವ ಹೊತ್ತಿಗೆ ನೀನು ಹೊರಟಿರುತ್ತೀಯ. ಸ್ಟಾಂಪು ದಂಡವಾದರೂ ಆಗಲಿ, ಈ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯೊಳಗೇ ಇಡುತ್ತಿದ್ದೇನೆ. ನಿನ್ನ ಕೈಗೇ ಸಿಗಲಿ. ಒಂದು ವೇಳೆ ಇದನ್ನು ಬಿಚ್ಚಿ ಓದುತ್ತಿರುವವರು ತಾವೇ ಆಗಿದ್ದರೆ ಡಾಕ್ಟರೇ, ನಮಸ್ಕಾರ. ಹಲ್ಲು ಈಗ ಚೆನ್ನಾಗಿದೆ. ದಯವಿಟ್ಟು ಮೊದಲಿನಿಂದ, ಹಿಂದೆ ನಿಂತವರಿಗೂ ಕೇಳಿಸುವ ಹಾಗೆ ಓದಿ.